ಡೇವಿಡ್ ಸೆಂಪಲ್

ಸರ್ ಡೇವಿಡ್ ಸೆಂಪಲ್ (1856–1937) ಐರ್ಲೆಂಡ್ ಮೂಲದ ಸೇನಾವೈದ್ಯರು ಹಾಗೂ ಸೂಕ್ಷ್ಮಜೀವಿ ವಿಜ್ಞಾನಿ. ಭಾರತದ ಮೊದಲ ಪಾಶ್ಚರ್ ಸಂಸ್ಥೆಯನ್ನು 1900ರಲ್ಲಿ ಕಸೌಲಿಯಲ್ಲಿ ಸ್ಥಾಪಿಸಿದವರು ಇವರೇ. ಹುಚ್ಚುನಾಯಿ ಕಡಿತಕ್ಕೆ ಇವರು ರೂಪಿಸಿ 1911ರಲ್ಲಿ ಪ್ರಕಟಿಸಿದ ಲಸಿಕೆ ಸೆಂಪಲ್ ಲಸಿಕೆ ಎಂದೇ ಪ್ರಸಿದ್ಧವಾಗಿ, ಭಾರತದಲ್ಲಿ ಒಂಬತ್ತು ದಶಕಗಳಿಗೂ ಮಿಕ್ಕಿ ಬಳಕೆಯಲ್ಲಿತ್ತು. ಹೊಕ್ಕುಳ ಸುತ್ತ ಹಾಕುತ್ತಿದ್ದ ಹದಿನಾಲ್ಕು ಚುಚ್ಚುಮದ್ದುಗಳ ನೆನಪಿರುವ ಹಿರಿಯರು ಯಾದಗಿರಿ, ಶಹಾಪುರ, ಸುರಪುರದಂಥ ಊರುಗಳಲ್ಲಿ ಈಗಲೂ ಇದ್ದಾರೆ. ಆ ಮದ್ದಿನ ಹಿಂದಿದ್ದ ವೈದ್ಯರ ಹೆಸರು ಮಾತ್ರ ಹೆಚ್ಚು ಜನರಿಗೆ ತಿಳಿಯದು.

ಆರಂಭಿಕ ಜೀವನ

ವೈದ್ಯಶಿಕ್ಷಣದ ನಂತರ ಸೆಂಪಲ್ ಬ್ರಿಟಿಷ್ ಸೈನ್ಯದ ವೈದ್ಯಕೀಯ ಸೇವೆಗೆ ಸೇರಿದರು. 1890ರ ದಶಕದಲ್ಲಿ ಇಂಗ್ಲೆಂಡಿನ ನೆಟ್ಲಿಯಲ್ಲಿದ್ದ ಸೇನಾ ವೈದ್ಯಕೀಯ ಶಾಲೆಯಲ್ಲಿ ರೋಗಶಾಸ್ತ್ರದ ಸಹಾಯಕ ಪ್ರಾಧ್ಯಾಪಕರಾಗಿ, ಆಲ್ಮ್‌ರಾತ್ ರೈಟ್ ಅವರ ಜೊತೆ ಕೆಲಸ ಮಾಡಿದರು. ಇಬ್ಬರೂ ಸೇರಿ 1897ರಲ್ಲಿ ವಿಷಮಶೀತ ಜ್ವರದ ಲಸಿಕೆಯ ಕುರಿತು ಬರೆದ ಪ್ರಬಂಧ ವೈದ್ಯಕೀಯ ಚರಿತ್ರೆಯಲ್ಲಿ ಮುಖ್ಯವೆನಿಸಿದೆ. ಸತ್ತ ರೋಗಾಣುವಿನಿಂದಲೂ ದೇಹಕ್ಕೆ ರಕ್ಷಣೆ ದೊರಕಿಸಬಹುದು ಎಂಬ ಅಲ್ಲಿನ ಪಾಠವೇ ಮುಂದೆ ರೇಬೀಸ್ ಲಸಿಕೆಯಲ್ಲಿಯೂ ಅವರ ಕೈಹಿಡಿಯಿತು.

ಕಸೌಲಿಯಲ್ಲಿ

ಲೂಯಿ ಪಾಶ್ಚರ್ 1885ರಲ್ಲಿ ರೇಬೀಸ್ ಚಿಕಿತ್ಸೆಯನ್ನು ಮೊದಲ ಬಾರಿ ಮನುಷ್ಯನಿಗೆ ನೀಡಿದರಾದರೂ, ಅದರ ಫಲ ಭಾರತಕ್ಕೆ ತಡವಾಗಿ ಮುಟ್ಟಿತು. ಇಲ್ಲಿ ಹುಚ್ಚುನಾಯಿ ಕಚ್ಚಿದ ಬ್ರಿಟಿಷ್ ಸೈನಿಕರನ್ನು ಹಡಗಿನಲ್ಲಿ ಪ್ಯಾರಿಸ್ಸಿಗೆ ಕಳುಹಿಸುತ್ತಿದ್ದ ಕಾಲ ಅದು. ಸಾಮಾನ್ಯ ಭಾರತೀಯರಿಗೆ ಆ ದಾರಿಯೂ ಇರಲಿಲ್ಲ. ಪ್ರಾಣಿಗಳ ಮೇಲಿನ ಪ್ರಯೋಗವನ್ನು ವಿರೋಧಿಸುವವರ ಆಕ್ಷೇಪಗಳನ್ನು ದಾಟಿ, ಸಾರ್ವಜನಿಕ ದೇಣಿಗೆಯ ಬಲದಿಂದ, ಇಂದಿನ ಹಿಮಾಚಲ ಪ್ರದೇಶದ ಕಸೌಲಿಯಲ್ಲಿ ಪಾಶ್ಚರ್ ಸಂಸ್ಥೆ ಆರಂಭವಾಯಿತು. ಅದರ ಹೊಣೆ ಸೆಂಪಲ್ ಅವರದಾಗಿತ್ತು.

1905ರಲ್ಲಿ ಅದೇ ಊರಿನಲ್ಲಿ ಕೇಂದ್ರ ಸಂಶೋಧನಾ ಸಂಸ್ಥೆ ಸ್ಥಾಪನೆಯಾದಾಗ ಅವರೇ ಅದರ ಮೊದಲ ನಿರ್ದೇಶಕರಾದರು. ಅಲ್ಲಿ ಗ್ರೇಗ್ ಅವರೊಡನೆ ವಿಷಮಶೀತ ಜ್ವರದ ರೋಗವಾಹಕರ ಬಗ್ಗೆಯೂ, ಪ್ರತ್ಯೇಕವಾಗಿ ಕ್ವಿನೈನ್ ಚುಚ್ಚುಮದ್ದಿಗೂ ಧನುರ್ವಾಯುವಿಗೂ ಇರುವ ಸಂಬಂಧದ ಬಗ್ಗೆಯೂ ಅಧ್ಯಯನ ನಡೆಸಿದರು. 1911ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು. ಕಸೌಲಿಯ ಪಾಶ್ಚರ್ ಸಂಸ್ಥೆ ಅವರ ಮರಣದ ಎರಡು ವರ್ಷಗಳ ನಂತರ, 1939ರಲ್ಲಿ, ಕೇಂದ್ರ ಸಂಶೋಧನಾ ಸಂಸ್ಥೆಯಲ್ಲಿ ವಿಲೀನವಾಯಿತು.

ಸೆಂಪಲ್ ಲಸಿಕೆ

ಪಾಶ್ಚರ್ ವಿಧಾನದಲ್ಲಿ ರೇಬೀಸ್ ತಗುಲಿದ ಮೊಲದ ಬೆನ್ನುಹುರಿಯನ್ನು ಒಣಗಿಸಿ ಮದ್ದು ತಯಾರಿಸುತ್ತಿದ್ದರು. ಹೆಚ್ಚು ದಿನ ಒಣಗಿದ, ಅಂದರೆ ದುರ್ಬಲವಾದ ಮದ್ದಿನಿಂದ ಆರಂಭಿಸಿ ದಿನದಿನಕ್ಕೆ ಪ್ರಬಲವಾದುದನ್ನು ಕೊಡಬೇಕಿತ್ತು. ನಿತ್ಯವೂ ಹೊಸ ಮದ್ದು ಬೇಕಾದ್ದರಿಂದ ರೋಗಿಯೇ ಸಂಸ್ಥೆಗೆ ಬಂದು ಎರಡು ಮೂರು ವಾರ ತಂಗಬೇಕಾಗುತ್ತಿತ್ತು. ಅದರಲ್ಲಿ ಜೀವಂತ ವೈರಾಣು ಉಳಿದಿರುವ ಭಯವೂ ಇತ್ತು.

ಸೆಂಪಲ್ ಈ ಎರಡೂ ತೊಡಕುಗಳನ್ನು ಒಟ್ಟಿಗೇ ಬಿಡಿಸಿದರು. ರೋಗ ತಗುಲಿದ ಪ್ರಾಣಿಯ ಮೆದುಳನ್ನು ಅರೆದು, ಫೀನಾಲ್ ಬೆರೆಸಿದ ಉಪ್ಪುನೀರಿನಲ್ಲಿ ಕದಡಿ, 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ದಿನ ಇಟ್ಟರೆ ವೈರಾಣು ಸಾಯುತ್ತದೆ, ಆದರೆ ರಕ್ಷಣೆ ನೀಡುವ ಗುಣ ಉಳಿಯುತ್ತದೆ ಎಂದು ಅವರು ತೋರಿಸಿದರು. ಈ ಮದ್ದನ್ನು ತಣ್ಣಗಿಟ್ಟು ಸಂಗ್ರಹಿಸಬಹುದಿತ್ತು, ಸೀಸೆಗೆ ತುಂಬಿ ದೂರದೂರಿಗೆ ಕಳುಹಿಸಬಹುದಿತ್ತು. ಮುಂದೆ ಭಾರತದಲ್ಲಿ ಕುರಿಯ ಮೆದುಳಿನಿಂದ ಇದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಜಿಲ್ಲಾ ಆಸ್ಪತ್ರೆಗಳಿಗೆ ಒದಗಿಸಲಾಯಿತು.

ಇದರ ಮಹತ್ವ ಅರಿಯಲು ಸುರಪುರದ ಉದಾಹರಣೆ ಸಾಕು. ಆಗ ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಸುರಪುರಕ್ಕೂ ಶಹಾಪುರಕ್ಕೂ ರೈಲು ಇರಲಿಲ್ಲ; ಇಂದಿಗೂ ಇಲ್ಲ. ದಕ್ಷಿಣ ಭಾರತಕ್ಕೆಂದು ಪಾಶ್ಚರ್ ಸಂಸ್ಥೆ 1907ರಲ್ಲಿ ತೆರೆದದ್ದು ನೀಲಗಿರಿಯ ಕೂನೂರಿನಲ್ಲಿ. ಅಲ್ಲಿಗೆ ಹೋಗಬೇಕಾದರೆ ಯಾದಗಿರಿಯವರೆಗೆ ಬಂಡಿ, ಅಲ್ಲಿಂದ ರಾಯಚೂರಿನ ಮೂಲಕ ಮದರಾಸಿನ ಕಡೆಗೆ ರೈಲು, ಮೆಟ್ಟುಪಾಳ್ಯದಿಂದ ಬೆಟ್ಟದ ರೈಲು. ಹೊಲದಲ್ಲಿ ದುಡಿಯುವವನಿಗೆ ಇದು ಪ್ಯಾರಿಸ್ಸಿನಷ್ಟೇ ದೂರ. ಮದ್ದು ಸೀಸೆಯಲ್ಲಿ ಆಸ್ಪತ್ರೆಗೆ ಬರತೊಡಗಿದ ಮೇಲೆಯೇ ಇಂಥವರಿಗೆ ಬದುಕುವ ಅವಕಾಶ ಸಿಕ್ಕಿತು.

ದೋಷಗಳು ಮತ್ತು ಅಂತ್ಯ

ಈ ಲಸಿಕೆಗೆ ಗಂಭೀರವಾದ ಒಂದು ದೋಷವಿತ್ತು. ವೈರಾಣುವಿನ ಜೊತೆ ಪ್ರಾಣಿಯ ನರದ ಅಂಶವೂ ದೇಹ ಸೇರುತ್ತಿದ್ದುದರಿಂದ, ಕೆಲವರಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಮೆದುಳು, ನರಗಳ ಮೇಲೆ ತಿರುಗಿಬೀಳುತ್ತಿತ್ತು. ಪಾರ್ಶ್ವವಾಯು, ಕೆಲವೊಮ್ಮೆ ಸಾವು ಕೂಡ ಸಂಭವಿಸುತ್ತಿತ್ತು. ಇದರ ಪ್ರಮಾಣ ಹಲವು ಸಾವಿರಕ್ಕೆ ಒಬ್ಬರಿಂದ ಕೆಲವೇ ನೂರಕ್ಕೆ ಒಬ್ಬರವರೆಗೆ ಬೇರೆ ಬೇರೆ ವರದಿಗಳಲ್ಲಿದೆ. ಕಚ್ಚಿದ ನಾಯಿಗೆ ಹುಚ್ಚು ಇರದಿದ್ದರೂ ಭಯದಿಂದ ಮದ್ದು ಪಡೆದು ಹೀಗಾದವರೂ ಇದ್ದರು ಎಂಬುದೇ ಈ ಕಥೆಯ ನೋವಿನ ಭಾಗ.

ಅಂಗಾಂಶ ಕೃಷಿಯಿಂದ ತಯಾರಾದ ಸುರಕ್ಷಿತ ಲಸಿಕೆಗಳು ಬಂದ ಮೇಲೆ ನರಾಂಶದ ಲಸಿಕೆಯನ್ನು ಕೈಬಿಡುವಂತೆ ವಿಶ್ವ ಆರೋಗ್ಯ ಸಂಸ್ಥೆ 1980ರ ದಶಕದಿಂದಲೇ ಸಲಹೆ ನೀಡುತ್ತ ಬಂದಿತು. ಅಗ್ಗವೆಂಬ ಕಾರಣಕ್ಕೆ ಭಾರತದ ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಮುಂದುವರಿಯಿತು. ಹಣವಿದ್ದವರು ಹೊರಗಿನಿಂದ ಹೊಸ ಲಸಿಕೆ ಕೊಂಡರು, ಬಡವರಿಗೆ ಹಳೆಯದೇ ಗತಿಯಾಯಿತು. 2004ರ ಕೊನೆಗೆ ದೇಶದಲ್ಲಿ ಇದರ ತಯಾರಿಕೆ ನಿಂತಿತು.

ನಾಯಿಯ ಕಡೆಯಿಂದ ತಡೆ

ಸೆಂಪಲ್ ಅವರ ಮದ್ದು ಕಚ್ಚಿಸಿಕೊಂಡವರಿಗೆ ಮಾತ್ರ. ರೋಗದ ಮೂಲವಾದ ನಾಯಿಯನ್ನು ಅದು ಮುಟ್ಟಲಿಲ್ಲ. ಅವರು ಕಸೌಲಿಯಲ್ಲಿ ಕೆಲಸ ಆರಂಭಿಸಿದ ಹೊತ್ತಿಗೇ ಬ್ರಿಟನ್ ಬೇರೆ ದಾರಿ ಹಿಡಿದಿತ್ತು. ಅಲ್ಲಿ ಸಾಕುನಾಯಿಗೆ ಪರವಾನಗಿ ಮೊದಲೇ ಇತ್ತು. 1897ರಿಂದ, ಎತ್ತಿನ ಬಾಯಿಗೆ ಕಟ್ಟುವಂಥ ಕುಕ್ಕೆಯನ್ನು ನಾಯಿಗೂ ಕಟ್ಟುವುದನ್ನು ಕಡ್ಡಾಯಗೊಳಿಸಿ, ಹೊರದೇಶದಿಂದ ಬಂದ ನಾಯಿಗಳನ್ನು ಪ್ರತ್ಯೇಕವಾಗಿಟ್ಟು, 1902ರ ವೇಳೆಗೆ ಆ ದೇಶ ರೇಬೀಸ್‌ಮುಕ್ತವಾಯಿತು. ಜನರ ಕೋಪವನ್ನು ಎದುರಿಸಿ ಜಾರಿಗೆ ತಂದ ಈ ನಿಯಮಕ್ಕೆ ಲಸಿಕೆಯ ನೆರವು ಬೇಕಾಗಲೇ ಇಲ್ಲ. ಫೀನಾಲ್ ಬೆರೆಸಿದ ಮದ್ದನ್ನು ನಾಯಿಗಳಿಗೇ ಹಾಕಿ ರೋಗ ತಡೆಯುವ ಪ್ರಯತ್ನವನ್ನು ಜಪಾನಿನ ಉಮೆನೊ ಮತ್ತು ದೋಯಿ 1921ರಲ್ಲಿ ಪ್ರಕಟಿಸಿದರು.

ಬೀದಿನಾಯಿ ಹೆಚ್ಚಿರುವ ನಮ್ಮಲ್ಲಿ ಬ್ರಿಟನ್ನಿನ ವಿಧಾನವೊಂದೇ ಸಾಲದು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಸಾಕುನಾಯಿಗೆ ಲಸಿಕೆ ಹಾಕಿಸುವ ಹೊಣೆ ಸಾಕಿದವರದು. ಬೀದಿನಾಯಿಗಳ ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆಯ ಹೊಣೆ ಸ್ಥಳೀಯ ಸಂಸ್ಥೆಯದು, ಅಂದರೆ ಯಾದಗಿರಿ, ಶಹಾಪುರ, ಸುರಪುರದಲ್ಲಿ ಆಯಾ ನಗರಸಭೆಯದು. ನಾಯಿಯನ್ನು ಅಜಾಗರೂಕತೆಯಿಂದ ಬಿಟ್ಟು ಇತರರಿಗೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆವಾಸ, ಐದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ನಂತರ ಪ್ರತಿವರ್ಷ ಹಾಕಿಸುವುದು ರೂಢಿ. ಆಗ ಪಶುವೈದ್ಯರು ಕೊಡುವ ಪ್ರಮಾಣಪತ್ರವನ್ನೇ ಪರವಾನಗಿ ಇರುವ ಬೆಂಗಳೂರಿನಂಥ ಕಡೆ ಕೇಳಲಾಗುತ್ತದೆ.

ಮನುಷ್ಯರಲ್ಲಿ ಕಂಡುಬರುವ ರೇಬೀಸ್ ಪ್ರಕರಣಗಳನ್ನು ಸರ್ಕಾರಕ್ಕೆ ತಿಳಿಸುವುದನ್ನು ಕರ್ನಾಟಕ 2022ರಲ್ಲಿ ಕಡ್ಡಾಯಗೊಳಿಸಿತು. ನಾಯಿ ಕಚ್ಚಿದ ಗಾಯಕ್ಕೆ ಸುಣ್ಣ, ಖಾರದ ಪುಡಿ ಹಚ್ಚದೆ, ಹರಿಯುವ ನೀರು ಮತ್ತು ಸಾಬೂನಿನಿಂದ ಹದಿನೈದು ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಗಾಯ ಆಳವಾಗಿದ್ದರೆ ಅದರ ಸುತ್ತ ಪ್ರತಿಕಾಯದ ಮದ್ದನ್ನೂ ಹಾಕುತ್ತಾರೆ. ಲಸಿಕೆಯನ್ನು ಈಗ ಹೊಕ್ಕುಳ ಸುತ್ತ ಹಾಕುವುದಿಲ್ಲ. ಚರ್ಮದೊಳಗೆ ಹಾಕುವ ಕ್ರಮದಲ್ಲಿ ಮೊದಲ ದಿನ, ಅಲ್ಲಿಂದ 3, 7 ಮತ್ತು 28ನೆಯ ದಿನ, ಎರಡೂ ತೋಳಿಗೆ ಹಾಕಲಾಗುತ್ತದೆ.