ವಿಲಿಯಂ ಫಾರ್

ವಿಲಿಯಂ ಫಾರ್ (30 ನವೆಂಬರ್ 1807 – 14 ಏಪ್ರಿಲ್ 1883) ಇಂಗ್ಲೆಂಡಿನ ವೈದ್ಯ ಹಾಗೂ ಸಂಖ್ಯಾಶಾಸ್ತ್ರಜ್ಞ. ರೋಗಗಳನ್ನೂ ಗಾಯಗಳನ್ನೂ ಏಕರೂಪದ ಹೆಸರುಗಳಲ್ಲಿ ದಾಖಲಿಸಿ, ಪಟ್ಟಿಯೊಂದರ ಪ್ರಕಾರ ವಿಂಗಡಿಸುವ ಪದ್ಧತಿಗೆ ಅಡಿಪಾಯ ಹಾಕಿದವರಲ್ಲಿ ಪ್ರಮುಖರು. ಇಂದು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ರೋಗ ವರ್ಗೀಕರಣದ (ಐಸಿಡಿ) ಮೂಲ ಇವರ ಕೆಲಸದಲ್ಲಿದೆ.

ಜನನ ಮತ್ತು ಶಿಕ್ಷಣ

ಫಾರ್ ಅವರು ಶ್ರಾಪ್‌ಶೈರ್ ಪ್ರಾಂತ್ಯದ ಕೆನ್ಲಿ ಗ್ರಾಮದ ಬಡ ಕುಟುಂಬದಲ್ಲಿ ಜನಿಸಿದರು. ಜೋಸೆಫ್ ಪ್ರೈಸ್ ಎಂಬ ಸ್ಥಿತಿವಂತರು ಬಾಲಕನನ್ನು ತಮ್ಮ ಆಶ್ರಯದಲ್ಲಿ ಬೆಳೆಸಿ ಓದಿಸಿದರು. 1826ರಿಂದ 1828ರವರೆಗೆ ಫಾರ್ ಶ್ರೂಸ್‌ಬರಿಯ ಆಸ್ಪತ್ರೆಯಲ್ಲಿ ಗಾಯಗಳಿಗೆ ಪಟ್ಟಿ ಕಟ್ಟುವ ಸಹಾಯಕರಾಗಿದ್ದರು. ಪ್ರೈಸ್ ನಿಧನರಾದಾಗ ಬಿಟ್ಟುಹೋದ 500 ಪೌಂಡುಗಳ ನೆರವಿನಿಂದ ಪ್ಯಾರಿಸ್ ಮತ್ತು ಲಂಡನ್‌ನಲ್ಲಿ ವೈದ್ಯಕೀಯ ವ್ಯಾಸಂಗ ಮಾಡಿ, 1832ರಲ್ಲಿ ವೃತ್ತಿಗೆ ಪರವಾನಗಿ ಪಡೆದರು. ಅವರ ಮೊದಲ ಪತ್ನಿ 1837ರಲ್ಲಿ ಕ್ಷಯರೋಗದಿಂದ ತೀರಿಕೊಂಡರು. ಅದೇ ವರ್ಷ ಪ್ರಕಟವಾದ, ಜನನ ಮರಣಗಳ ಅಂಕಿಅಂಶಗಳನ್ನು ಕುರಿತ ಲೇಖನ ಅವರಿಗೆ ಹೆಸರು ತಂದಿತು.

ನೋಂದಣಿ ಕಚೇರಿಯಲ್ಲಿ

ಇಂಗ್ಲೆಂಡಿನಲ್ಲಿ ಜನನ ಮರಣಗಳ ನಾಗರಿಕ ನೋಂದಣಿ 1837ರ ಜುಲೈ 1ರಂದು ಆರಂಭವಾಯಿತು. ಅದರ ಕೇಂದ್ರ ಕಚೇರಿಯನ್ನು ಸೇರಿದ ಫಾರ್, ಸುಮಾರು 40 ವರ್ಷಗಳ ಕಾಲ ಅಲ್ಲಿಯೇ ಸೇವೆ ಸಲ್ಲಿಸಿದರು. ಆಗ ಮರಣದ ಕಾರಣವನ್ನು ಬರೆಯಲು ಯಾವ ನಿಯಮವೂ ಇರಲಿಲ್ಲ. ಒಂದೇ ಕಾಯಿಲೆಗೆ ಮೂರು ನಾಲ್ಕು ಹೆಸರುಗಳು, ಬೇರೆ ಬೇರೆ ಕಾಯಿಲೆಗಳಿಗೆ ಒಂದೇ ಹೆಸರು ಬಳಕೆಯಲ್ಲಿದ್ದವು. ಮೂಲ ಕಾಯಿಲೆಯ ಬದಲು ಕೊನೆಯಲ್ಲಿ ತೋರಿದ ತೊಡಕನ್ನು ಮಾತ್ರ ಬರೆಯುವುದೂ ಇತ್ತು. ಹೀಗಿದ್ದರೆ ಸತ್ತವರನ್ನು ಎಣಿಸಬಹುದೇ ಹೊರತು ಅವರು ಏಕೆ ಸತ್ತರೆಂದು ತಿಳಿಯಲಾಗದು ಎಂಬುದನ್ನು 1839ರ ಮೊದಲ ವಾರ್ಷಿಕ ವರದಿಯಲ್ಲಿಯೇ ಫಾರ್ ವಿವರಿಸಿದರು. ಭೌತಶಾಸ್ತ್ರಕ್ಕೆ ಅಳತೆ ತೂಕಗಳು ಹೇಗೋ, ವೈದ್ಯಕೀಯ ಲೆಕ್ಕಕ್ಕೆ ನಿಖರವಾದ ಹೆಸರುಗಳು ಹಾಗೆ ಎಂಬುದು ಅವರ ನಿಲುವಾಗಿತ್ತು. ಮರಣದ ಕಾರಣವನ್ನು ವೈದ್ಯರೇ ಪ್ರಮಾಣೀಕರಿಸುವುದು 1874ರ ಕಾಯಿದೆಯಿಂದ ಕಡ್ಡಾಯವಾಯಿತು.

ವರ್ಗೀಕರಣ

1853ರಲ್ಲಿ ಬ್ರಸೆಲ್ಸ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನವು ಎಲ್ಲ ದೇಶಗಳಿಗೂ ಹೊಂದುವ ಪಟ್ಟಿಯನ್ನು ಸಿದ್ಧಪಡಿಸುವ ಹೊಣೆಯನ್ನು ಫಾರ್ ಮತ್ತು ಜಿನೀವಾದ ಮಾರ್ಕ್ ದೆಸ್ಪಿನ್ ಅವರಿಗೆ ವಹಿಸಿತು. 1855ರಲ್ಲಿ ಪ್ಯಾರಿಸ್‌ನಲ್ಲಿ ಇಬ್ಬರೂ ಪ್ರತ್ಯೇಕ ಪಟ್ಟಿಗಳನ್ನು ಮಂಡಿಸಿದರು. ಸಮ್ಮೇಳನವು ಎರಡನ್ನೂ ಕೂಡಿಸಿ 139 ಶೀರ್ಷಿಕೆಗಳ ಪಟ್ಟಿಯೊಂದನ್ನು ಅಂಗೀಕರಿಸಿತು. ಫಾರ್ ಅವರದು ಐದು ಗುಂಪುಗಳ ವಿಂಗಡಣೆ: ಸಾಂಕ್ರಾಮಿಕ ರೋಗಗಳು, ಇಡೀ ದೇಹವನ್ನು ವ್ಯಾಪಿಸುವ ರೋಗಗಳು, ದೇಹದ ಭಾಗಗಳ ಪ್ರಕಾರ ಜೋಡಿಸಿದ ಸ್ಥಳೀಯ ರೋಗಗಳು, ಬೆಳವಣಿಗೆಗೆ ಸಂಬಂಧಿಸಿದ ರೋಗಗಳು ಹಾಗೂ ಹಿಂಸೆ ಮತ್ತು ಅಪಘಾತಗಳಿಂದಾದವು.

ಈ ಪಟ್ಟಿ ಎಲ್ಲೆಡೆ ಬಳಕೆಗೆ ಬರಲಿಲ್ಲ. ಆದರೆ ಪ್ಯಾರಿಸ್‌ನ ಜಾಕ್ ಬರ್ಟಿಲಾನ್ 1893ರಲ್ಲಿ ಮಂಡಿಸಿದ ವರ್ಗೀಕರಣವು ಇಡೀ ದೇಹದ ರೋಗಗಳನ್ನು ಅಂಗವಾರು ರೋಗಗಳಿಂದ ಬೇರ್ಪಡಿಸುವ ಫಾರ್ ಅವರ ತತ್ತ್ವವನ್ನೇ ಅನುಸರಿಸಿತು. ಅದರ ಪರಿಷ್ಕರಣೆಗಳೇ ಮುಂದೆ ಐಸಿಡಿ ಆದವು. 1948ರ ಆರನೆಯ ಪರಿಷ್ಕರಣೆಯಿಂದ ವಿಶ್ವ ಆರೋಗ್ಯ ಸಂಸ್ಥೆ ಅದರ ಹೊಣೆ ಹೊತ್ತಿತು.

ಕಾಲರಾ ಅಧ್ಯಯನ

1848–49ರ ಕಾಲರಾ ಪಿಡುಗನ್ನು ಅಧ್ಯಯನ ಮಾಡಿದ ಫಾರ್, ತಗ್ಗು ಪ್ರದೇಶಗಳಲ್ಲಿ ಸಾವು ಹೆಚ್ಚೆಂದು ಕಂಡು, ಕೆಟ್ಟ ಗಾಳಿಯೇ ಕಾರಣವೆಂದು ಬಗೆದರು. ನೀರಿನಿಂದ ರೋಗ ಹರಡುತ್ತದೆಂಬ ಜಾನ್ ಸ್ನೋ ಅವರ ವಾದವನ್ನು ಅವರು ಮೊದಲಿಗೆ ಪೂರ್ಣವಾಗಿ ಒಪ್ಪಲಿಲ್ಲ. ಆದರೂ ಸ್ನೋ ತಮ್ಮ ವಾದವನ್ನು ಸ್ಥಾಪಿಸಲು ಬಳಸಿದ್ದು ಫಾರ್ ಅವರ ಕಚೇರಿಯ ಮರಣ ದಾಖಲೆಗಳನ್ನೇ. 1866ರ ಪಿಡುಗಿನಲ್ಲಿ ಪೂರ್ವ ಲಂಡನ್‌ನ ಸಾವುಗಳು ಒಂದೇ ನೀರು ಸರಬರಾಜು ಕಂಪನಿಯ ವ್ಯಾಪ್ತಿಯಲ್ಲಿ ದಟ್ಟವಾಗಿರುವುದನ್ನು ಫಾರ್ ಸ್ವತಃ ತೋರಿಸಿಕೊಟ್ಟು, ತಮ್ಮ ಹಿಂದಿನ ಅಭಿಪ್ರಾಯವನ್ನು ತಿದ್ದಿಕೊಂಡರು. ಆಗ ಸ್ನೋ ಬದುಕಿರಲಿಲ್ಲ.

ಭಾರತದೊಂದಿಗೆ ಸಂಬಂಧ

ಭಾರತದಲ್ಲಿದ್ದ ಬ್ರಿಟಿಷ್ ಸೇನೆಯ ಆರೋಗ್ಯ ಸ್ಥಿತಿಯ ವಿಚಾರಣೆಗಾಗಿ 1859ರಲ್ಲಿ ನೇಮಕವಾದ ರಾಯಲ್ ಆಯೋಗದಲ್ಲಿ ಫಾರ್ ಸದಸ್ಯರಾಗಿದ್ದರು. ಫ್ಲಾರೆನ್ಸ್ ನೈಟಿಂಗೇಲ್ ಅವರೊಡನೆ ಸೇರಿ ದಂಡುಪ್ರದೇಶಗಳ ದಾಖಲೆಗಳನ್ನು ಪರಿಶೀಲಿಸಿದರು. 1863ರ ವರದಿಯ ಪ್ರಕಾರ ಭಾರತದಲ್ಲಿ ಬ್ರಿಟಿಷ್ ಸೈನಿಕರ ಮರಣ ಪ್ರಮಾಣ ವರ್ಷಕ್ಕೆ ಸಾವಿರಕ್ಕೆ 69 ಇತ್ತು. ಅದರ ಬಹುಪಾಲು ಯುದ್ಧದ ಗಾಯಗಳಿಂದಲ್ಲ, ತಡೆಯಬಹುದಾದ ರೋಗಗಳಿಂದ ಆಗಿತ್ತು.

ಇಂದಿನ ಬಳಕೆ: ಮೊಣಕಾಲಿನ ಗಾಯ

ಐಸಿಡಿಯ ಹತ್ತನೆಯ ಪರಿಷ್ಕರಣೆಯಲ್ಲಿ ಗಾಯಗಳನ್ನು ದೇಹದ ಭಾಗಗಳ ಪ್ರಕಾರವೇ ಜೋಡಿಸಲಾಗಿದೆ. ಮೊಣಕಾಲು ಮತ್ತು ಅದರ ಕೆಳಗಿನ ಕಾಲಿಗೆ ಎಸ್80ರಿಂದ ಎಸ್89ರವರೆಗಿನ ಸಂಕೇತಗಳಿವೆ. ಮೊಣಕಾಲಿನ ಜಜ್ಜುಗಾಯ ಎಸ್80.0, ತೆರೆದ ಗಾಯ ಎಸ್81.0, ಮಂಡಿಚಿಪ್ಪಿನ ಮುರಿತ ಎಸ್82.0, ಕೀಲು ತಪ್ಪುವಿಕೆ ಮತ್ತು ಅಸ್ಥಿರಜ್ಜುಗಳ ಉಳುಕು ಎಸ್83ರಲ್ಲಿ ಬರುತ್ತವೆ. ಗಾಯದ ಹೊರಗಿನ ಕಾರಣಕ್ಕೆ ಬೇರೊಂದು ಸಂಕೇತವಿದೆ. ಬೀಳುವಿಕೆಗೆ ಡಬ್ಲ್ಯೂ00–ಡಬ್ಲ್ಯೂ19, ಮೋಟಾರ್ ಸೈಕಲ್ ಸವಾರರ ಅಪಘಾತಗಳಿಗೆ ವಿ20–ವಿ29.

ಉದಾಹರಣೆಗೆ, ಕಮಲಾಪುರದಲ್ಲಿ ಬೈಕಿನಿಂದ ಬಿದ್ದವರೊಬ್ಬರು ಅಲ್ಲಿ ಪ್ರಥಮ ಚಿಕಿತ್ಸೆ ಪಡೆದು ಕಲಬುರಗಿ ನಗರದ ಆಸ್ಪತ್ರೆಗೆ ಬಂದರೆನ್ನಿ. ಚೀಟಿಯಲ್ಲಿ ಕಾಲಿಗೆ ಪೆಟ್ಟು ಎಂದಷ್ಟೇ ಇದ್ದರೆ, ಸಂಕೇತ ನೀಡುವವರು ಕಾಲಿನ ಅನಿರ್ದಿಷ್ಟ ಗಾಯಗಳ ಟಿ13ಕ್ಕಿಂತ ಮುಂದೆ ಹೋಗಲಾರರು. ಎಡವೋ ಬಲವೋ, ಗಾಯದ ಉದ್ದ ಆಳವೆಷ್ಟು, ಕೀಲಿನೊಳಗೆ ಹೊಕ್ಕಿದೆಯೇ, ಕಲ್ಲು ಗಾಜು ಉಳಿದಿದೆಯೇ, ಧನುರ್ವಾಯು ಚುಚ್ಚುಮದ್ದು ಕೊಟ್ಟಾಗಿದೆಯೇ ಎಂಬ ವಿವರಗಳಿದ್ದರೆ ಸಂಕೇತವೂ ಸರಿಯಾಗುತ್ತದೆ, ಮುಂದಿನ ವೈದ್ಯರ ಚಿಕಿತ್ಸೆಗೂ ನೆರವಾಗುತ್ತದೆ. ಕೀಲಿನೊಳಗೆ ಹೊಕ್ಕ ಗಾಯವನ್ನು ಮೇಲ್ಮೈ ಗಾಯವೆಂದು ಬಗೆದರೆ ಕೀವು ತುಂಬಿ ಕೀಲು ಶಾಶ್ವತವಾಗಿ ಹಾಳಾಗುವ ಅಪಾಯವಿದೆ.

ಭಾರತದಲ್ಲಿ 1969ರ ಜನನ ಮರಣ ನೋಂದಣಿ ಕಾಯಿದೆಯಡಿ ಆಸ್ಪತ್ರೆಗಳು ನೀಡುವ ಮರಣ ಕಾರಣ ಪ್ರಮಾಣಪತ್ರದಲ್ಲಿ ತಕ್ಷಣದ ಕಾರಣವನ್ನೂ ಮೂಲ ಕಾರಣವನ್ನೂ ಬೇರೆಯಾಗಿ ಬರೆಯಬೇಕು. ಫಾರ್ 1839ರಲ್ಲಿ ಗುರುತಿಸಿದ ಕೊರತೆಗೆ ಇದು ಉತ್ತರವಾಗಿದೆ.

ಕೊನೆಯ ದಿನಗಳು

ನೋಂದಣಿ ಕಚೇರಿಯ ಮುಖ್ಯಸ್ಥರ ಹುದ್ದೆ 1879ರಲ್ಲಿ ತೆರವಾದಾಗ ಅದು ಫಾರ್ ಅವರಿಗೆ ದೊರೆಯಲಿಲ್ಲ. ಬೇಸರಗೊಂಡ ಅವರು 1880ರಲ್ಲಿ ಸೇವೆಯಿಂದ ನಿವೃತ್ತರಾಗಿ, ಮೂರು ವರ್ಷಗಳ ನಂತರ ಲಂಡನ್‌ನಲ್ಲಿ ನಿಧನರಾದರು. ಅವರ ವರದಿಗಳ ಆಯ್ದ ಸಂಗ್ರಹ 1885ರಲ್ಲಿ ಪ್ರಕಟವಾಯಿತು.