ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರ ಸಾಧನೆಯ ಮೊದಲ ಹೆಜ್ಜೆಗಳು

ಪರಮಪೂಜ್ಯ ಪ್ರಾತಃಸ್ಮರಣೀಯ ಆಚಾರ್ಯ ಶ್ರೀ 108 ಶಾಂತಿಸಾಗರ ಮಹಾರಾಜರ ನಾಮವನ್ನು ಅರಿಯದ ಜೈನ ಶ್ರಾವಕನಿಲ್ಲ. ಅವರ ಆಚಾರ್ಯತ್ವ, ಉತ್ತರ ಭಾರತದ ವಿಹಾರ, ಕುಂಥಲಗಿರಿಯ ಸಮಾಧಿ ಇವುಗಳನ್ನು ಎಲ್ಲರೂ ಭಕ್ತಿಯಿಂದ ಸ್ಮರಿಸುತ್ತಾರೆ. ಆದರೆ ಆ ಎತ್ತರಕ್ಕೆ ಏರುವ ಮುನ್ನ, ದಾರಿ ತೋರುವವರು ವಿರಳವಾಗಿದ್ದ ಕಾಲದಲ್ಲಿ, ಅವರು ಮುನಿಧರ್ಮವನ್ನು ಆಚರಿಸಿ ಆಚರಿಸಿಯೇ ಕಲಿತ ಬಗೆಯು ಅಷ್ಟಾಗಿ ಸ್ಮರಣೆಗೆ ಬರುವುದಿಲ್ಲ.

ಮಹಾರಾಜರು 1872ರಲ್ಲಿ ತಾಯಿಯ ತವರಾದ ಯಳಗೂಡದಲ್ಲಿ ಜನಿಸಿದರು. ತಂದೆ ಭೀಮಗೌಡ ಪಾಟೀಲರು, ತಾಯಿ ಸತ್ಯವತಿ. ಮನೆತನದ ಊರು ಬೆಳಗಾವಿ ಜಿಲ್ಲೆಯ ಭೋಜ. ವೇದಗಂಗಾ ಮತ್ತು ದೂಧಗಂಗಾ ನದಿಗಳು ಕೂಡುವ ಸ್ಥಳ. ಬಾಲಕನಿಗೆ ಸಾತಗೌಡ ಎಂದು ನಾಮಕರಣವಾಯಿತು. ಅಂದಿನ ರೂಢಿಯಂತೆ ಒಂಬತ್ತನೆಯ ವಯಸ್ಸಿನಲ್ಲಿಯೇ ವಿವಾಹವಾಯಿತು. ಆ ಬಾಲವಧು ಕೆಲವೇ ತಿಂಗಳುಗಳಲ್ಲಿ ತೀರಿಕೊಂಡಳು. ಸಾತಗೌಡರು ಮತ್ತೆ ವಿವಾಹಕ್ಕೆ ಒಪ್ಪಲಿಲ್ಲ. ಶಾಲೆಯ ವಿದ್ಯೆ ಅಲ್ಪವೇ. ಕನ್ನಡ, ಮರಾಠಿ ಎರಡೂ ಮನೆಯಂಗಳದ ಭಾಷೆಗಳಾಗಿದ್ದವು.

ಹದಿನೇಳು ಹದಿನೆಂಟರ ವಯಸ್ಸಿನಲ್ಲಿಯೇ ದೀಕ್ಷೆಯ ಇಚ್ಛೆ ಮೂಡಿತು. ತಾವು ಜೀವಂತವಿರುವವರೆಗೆ ಮನೆಯಲ್ಲಿಯೇ ಇದ್ದು ಧರ್ಮಸಾಧನೆ ಮಾಡಬೇಕೆಂದು ತಂದೆಯವರು ಕೇಳಿಕೊಂಡರು. ಮಗನು ಆ ಮಾತನ್ನು ಮೀರಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷ ಕಾಯುವುದು ಸಾಮಾನ್ಯ ಸಂಗತಿಯೇ? ಆ ಕಾಯುವಿಕೆಯೇ ಅವರ ಮೊದಲ ಪಾಠಶಾಲೆಯಾಯಿತು. ಮನೆಯಲ್ಲಿ ಬಟ್ಟೆಯ ಅಂಗಡಿಯಿತ್ತು. ತಮ್ಮ ಕುಮಗೌಡರು ಊರಲ್ಲಿಲ್ಲದಾಗ ಸಾತಗೌಡರು ಗದ್ದಿಗೆಯ ಮೇಲೆ ಕುಳಿತುಕೊಳ್ಳುತ್ತಿದ್ದರು. ಗಿರಾಕಿ ಬಂದರೆ ತಾನೇ ಬಟ್ಟೆ ಅಳೆದುಕೊಳ್ಳಬೇಕು, ತಾನೇ ಹಣವಿಡಬೇಕು, ಉದ್ರಿಯಾದರೆ ತಾನೇ ಖಾತೆಯಲ್ಲಿ ಬರೆಯಬೇಕು. ವ್ಯಾಪಾರ ಮಾಡುವವರಿಗೆ ಇದರ ಕಷ್ಟ ತಿಳಿದೀತು. ಅಂಗಡಿಯಲ್ಲಿದ್ದೂ ಅಂಗಡಿಗೆ ಅಂಟದಿರುವುದು ಅರಣ್ಯದಲ್ಲಿ ಒಬ್ಬನೇ ಕುಳಿತುಕೊಳ್ಳುವುದಕ್ಕಿಂತ ಸುಲಭವಲ್ಲ.

ಊರಿಗೆ ಆದಿಸಾಗರ ಮುನಿಗಳು ಬಂದರೆ ಸಾತಗೌಡರು ಅವರನ್ನು ಹೆಗಲ ಮೇಲೆ ಕೂಡಿಸಿಕೊಂಡು ನದಿ ದಾಟಿಸುತ್ತಿದ್ದರು. ಮೂವತ್ತೆರಡರ ಸುಮಾರಿಗೆ ಶ್ರೀ ಸಮ್ಮೇದ ಶಿಖರಜಿಯ ಯಾತ್ರೆ ಕೈಗೂಡಿತು. ಅಲ್ಲಿ ತುಪ್ಪ ಮತ್ತು ಎಣ್ಣೆಯನ್ನು ಆಜೀವ ತ್ಯಜಿಸಿದರು; ಮರಳಿ ಬಂದ ಮೇಲೆ ದಿನಕ್ಕೆ ಒಂದೇ ಊಟ. ಹೀಗೆ ಒಂದೊಂದಾಗಿ ಬಿಡುತ್ತ, ಬಿಟ್ಟುದನ್ನು ದೇಹವು ಒಪ್ಪುವುದೋ ಇಲ್ಲವೋ ಎಂದು ನೋಡುತ್ತ ನಡೆದರು.

ತಂದೆತಾಯಿಗಳ ಕಾಲಾನಂತರ, ನಲವತ್ತು ದಾಟಿದ ವಯಸ್ಸಿನಲ್ಲಿ, ಉತ್ತೂರಿನಲ್ಲಿದ್ದ ಪೂಜ್ಯ ದೇವೇಂದ್ರಕೀರ್ತಿ ಸ್ವಾಮಿಗಳ ಸನ್ನಿಧಿಗೆ ಹೋಗಿ ನಿರ್ಗ್ರಂಥ ದೀಕ್ಷೆಯನ್ನೇ ಬೇಡಿದರು. ಮುನಿವ್ರತದ ಕಾಠಿಣ್ಯವನ್ನು ಬಲ್ಲ ಗುರುಗಳು ಮೆಟ್ಟಿಲು ಮೆಟ್ಟಿಲಾಗಿ ಏರುವಂತೆ ತಿಳಿಹೇಳಿ ಕ್ಷುಲ್ಲಕ ದೀಕ್ಷೆಯನ್ನು ಅನುಗ್ರಹಿಸಿದರು. ಶಿಷ್ಯನು ಅಸಮಾಧಾನಪಡದೆ ಸ್ವೀಕರಿಸಿದನು. ಗುರುವಿನ ಆ ವಿವೇಕದ ಫಲವನ್ನು ಮುಂದೆ ಸಮಾಜವೇ ಕಂಡಿತು.

ಅಂದು ದಕ್ಷಿಣದಲ್ಲಿ ತ್ಯಾಗಿಗಳ ಸಂಖ್ಯೆ ಕಡಿಮೆ. ಇದ್ದವರ ಆಚರಣೆಯಲ್ಲಿಯೂ ಕಾಲದೋಷದಿಂದ ಶಿಥಿಲತೆ ಸೇರಿಕೊಂಡಿತ್ತು. ಇಂದು ಇಂಥವರ ಮನೆಯಲ್ಲಿ ಆಹಾರವೆಂದು ಬಸದಿಯ ಉಪಾಧ್ಯಾಯರು ಮೊದಲೇ ಗೊತ್ತು ಮಾಡುವರು. ತ್ಯಾಗಿಗಳು ಅಲ್ಲಿಗೆ ಹೋಗಿ ಉಣ್ಣುವರು. ಹೊಸ ಕ್ಷುಲ್ಲಕರೂ ಆರಂಭದಲ್ಲಿ ಕಂಡದ್ದು ಇದನ್ನೇ. ಆದರೆ ಶಾಸ್ತ್ರಗಳನ್ನು ಓದುತ್ತಿದ್ದಂತೆ, ತಮಗಾಗಿಯೇ ಸಿದ್ಧಪಡಿಸಿದ ಉದ್ದಿಷ್ಟ ಆಹಾರವು ತ್ಯಾಗಿಗೆ ಸಲ್ಲದೆಂಬುದು ಮನವರಿಕೆಯಾಯಿತು. ಗ್ರಂಥದಲ್ಲಿ ಒಂದು, ರೂಢಿಯಲ್ಲಿ ಇನ್ನೊಂದು. ಅವರು ಗ್ರಂಥವನ್ನು ಹಿಡಿದರು.

ಇದರ ಪರಿಣಾಮವನ್ನು ಅನುಭವಿಸಿದ್ದು ಅವರ ಹೊಟ್ಟೆ. ಗೊತ್ತು ಮಾಡಿದ ಮನೆಗೆ ಹೋಗಲೊಲ್ಲರು. ಬೀದಿಯಲ್ಲಿ ಆಹಾರಚರ್ಯೆಗೆ ಹೊರಟರೆ ಪಡಗಾಹನದ ವಿಧಿಯೇ ಶ್ರಾವಕರಿಗೆ ಮರೆತುಹೋಗಿತ್ತು. ಬಾಗಿಲಲ್ಲಿ ನಿಂತು ವಿನಯದಿಂದ ಆಹ್ವಾನಿಸುವವರಿಲ್ಲದೆ ಹಾಗೆಯೇ ಮರಳಿದ ದಿನಗಳು ಉಂಟು. ಭಕ್ತಿ ಇಲ್ಲವೆಂದಲ್ಲ, ರೀತಿ ತಿಳಿಯದು. ಉಪಾಧ್ಯಾಯರಲ್ಲಿಯೂ ಕೆಲವರಿಗೆ ಇದು ಹಿಡಿಸಲಿಲ್ಲ. ಮಹಾರಾಜರು ಯಾರನ್ನೂ ನಿಂದಿಸಲಿಲ್ಲ. ಉಪವಾಸವೆಂದು ಭಾವಿಸಿ ಸಾಮಾಯಿಕಕ್ಕೆ ಕುಳಿತರು. ಬರಬರುತ್ತ ಶ್ರಾವಕ ಶ್ರಾವಿಕೆಯರು ತಿಳಿದುಕೊಂಡರು. ಕಳಶ ಹಿಡಿದು ಬಾಗಿಲಲ್ಲಿ ಕಾಯುವ ಪದ್ಧತಿ ಊರೂರಿಗೆ ಮರಳಿತು. ಇಂದು ನಮ್ಮ ಮನೆಗಳ ಮುಂದೆ ಮುನಿಗಳನ್ನು ಪಡಗಾಹಿಸುವ ಭಾಗ್ಯದ ಹಿಂದೆ ಆ ಹಸಿದ ದಿನಗಳಿವೆ ಎಂಬುದನ್ನು ನಾವು ಮರೆಯಲಾಗದು.

ಮುಂದೆ ಗಿರನಾರ ಯಾತ್ರೆಯಲ್ಲಿ ಭಗವಾನ್ ನೇಮಿನಾಥರ ಸನ್ನಿಧಿಯಲ್ಲಿ, ಕೌಪೀನವೊಂದನ್ನು ಉಳಿಸಿಕೊಂಡು ಉಳಿದ ವಸ್ತ್ರವನ್ನು ತ್ಯಜಿಸಿ ಐಲಕರಾದರು. ಹೋಗುವಾಗ ರೈಲಿನಲ್ಲಿ ಹೋಗಿದ್ದವರು ಮರಳುವಾಗ ಕುಂಡಲ ಕ್ಷೇತ್ರದಲ್ಲಿ ಆಜೀವ ವಾಹನತ್ಯಾಗ ಮಾಡಿ ಕಾಲ್ನಡಿಗೆ ಹಿಡಿದರು. ಕೊಣ್ಣೂರಿನ ಗುಹೆಯಲ್ಲಿ ಧ್ಯಾನಸ್ಥರಾಗಿದ್ದಾಗ ಸರ್ಪವು ಮೈಮೇಲೆ ಹರಿದಾಡಿದರೂ ಕದಲಲಿಲ್ಲವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. 1920ರಲ್ಲಿ ಯರನಾಳದ ಪಂಚಕಲ್ಯಾಣ ಮಹೋತ್ಸವದಲ್ಲಿ, ಹಿಂದೆ ಬೇಡಿದ್ದ ನಿರ್ಗ್ರಂಥ ದೀಕ್ಷೆಯು ಅದೇ ಗುರುಗಳಿಂದ ದೊರೆಯಿತು.

1924ರಲ್ಲಿ ಸಾಂಗಲಿ ಸಮೀಪದ ಸಮಡೋಳಿಯಲ್ಲಿ ಚತುಃಸಂಘವು ಆಚಾರ್ಯಪದವಿಯನ್ನು ಅರ್ಪಿಸಿತು. 1927ರಲ್ಲಿ ಸಂಘಸಹಿತ ಶಿಖರಜಿಯತ್ತ ವಿಹಾರ ಆರಂಭವಾಯಿತು. ದಿಗಂಬರ ಮುನಿಗಳನ್ನು ಕಂಡರಿಯದ ಎಷ್ಟೋ ಊರುಗಳ ಜನ ರಸ್ತೆಯ ಬದಿಯಲ್ಲಿ ಕಾದು ನಿಂತರು. ಹಿರಿಯ ಸಹೋದರ ದೇವಗೌಡರೂ ಮುನಿ ವರ್ಧಮಾನಸಾಗರರಾದರು. ಒಂದು ಕಾಲಕ್ಕೆ ಅಣ್ಣನಾಗಿದ್ದವರು ದೀಕ್ಷೆಯಲ್ಲಿ ಕಿರಿಯರಾಗಿ ತಮ್ಮನಿಗೆ ನಮೋಸ್ತು ಹೇಳುವಂತಾಯಿತು.

ವೃದ್ಧಾಪ್ಯದಲ್ಲಿ ಮಹಾರಾಜರ ದೃಷ್ಟಿ ಮಂದವಾಯಿತು. ನೆಲದ ಮೇಲಿನ ಜೀವಿಗಳು ಕಾಣದಿದ್ದರೆ ಈರ್ಯಾಸಮಿತಿ ಪಾಲಿಸುವುದೆಂತು? ಆಹಾರವನ್ನು ಶೋಧಿಸುವುದೆಂತು? ನಡೆಯುವುದರಿಂದಲೂ ಉಣ್ಣುವುದರಿಂದಲೂ ವ್ರತವನ್ನು ಕಲಿತವರಿಗೆ ಇದು ಸಣ್ಣ ಪ್ರಶ್ನೆಯಾಗಿರಲಿಲ್ಲ. 1955ರ ಆಗಸ್ಟಿನಲ್ಲಿ ಕುಂಥಲಗಿರಿ ಸಿದ್ಧಕ್ಷೇತ್ರದಲ್ಲಿ ಯಮಸಲ್ಲೇಖನವನ್ನು ಸ್ವೀಕರಿಸಿದರು. ಆಚಾರ್ಯಪದವನ್ನು ದೂರದ ಜಯಪುರದಲ್ಲಿದ್ದ ಶಿಷ್ಯ ವೀರಸಾಗರ ಮುನಿಗಳಿಗೆ ವಹಿಸಿಕೊಟ್ಟರು. ಸೆಪ್ಟೆಂಬರ್ 8ರಂದು ಮರಾಠಿಯಲ್ಲಿ ಕೊನೆಯ ಉಪದೇಶವನ್ನಿತ್ತರು, ಅದನ್ನು ಧ್ವನಿಮುದ್ರಿಸಿಕೊಳ್ಳಲಾಯಿತು. ಸೆಪ್ಟೆಂಬರ್ 18ರ ರವಿವಾರ ಬೆಳಿಗ್ಗೆ, ಮೂವತ್ತಾರನೆಯ ದಿನ, ಸಮಾಧಿಸ್ಥರಾದರು.