ಬೆಟ್ಟದ ಗಾಳಿಯನ್ನು ಕೋಣೆಗೆ ತಂದವರು

ಎಂಜಿನಿಯರ್ ಆಗಲೆಂದು ಹೊರಟು, ಮನಸ್ಸು ಬದಲಿಸಿ ಕಾನೂನು ಓದಿ, ಕೊನೆಗೆ ದೇಹದ ವಿಜ್ಞಾನಕ್ಕೆ ಬಂದು ನಿಂತವರು ಫ್ರಾನ್ಸಿನ ಪಾಲ್ ಬರ್ಟ್. ಬಿ.ಇ. ಓದುತ್ತಿರುವ ನನಗೆ ಅವರ ಮೇಲೆ ಕುತೂಹಲ ಹುಟ್ಟಿದ್ದೇ ಇದರಿಂದ. 1833ರಲ್ಲಿ ಹುಟ್ಟಿದ ಅವರು ಹೆಸರಾಂತ ವಿಜ್ಞಾನಿ ಕ್ಲೋಡ್ ಬರ್ನಾರ್ಡ್ ಅವರ ಶಿಷ್ಯರು.

ಎತ್ತರದ ಬೆಟ್ಟ ಹತ್ತಿದವರಿಗೆ ತಲೆನೋವು, ವಾಕರಿಕೆ, ಸುಸ್ತು ಬರುವುದು ಮೊದಲಿನಿಂದಲೂ ಗೊತ್ತಿತ್ತು. ಕಾರಣ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಬರ್ಟ್ ಬೆಟ್ಟದ ಗಾಳಿಯನ್ನೇ ಪ್ಯಾರಿಸ್ಸಿನ ಪ್ರಯೋಗಾಲಯಕ್ಕೆ ತಂದರು. ಗಾಳಿಯ ಒತ್ತಡ ತಗ್ಗಿಸಬಲ್ಲ ಲೋಹದ ಕೋಣೆಯಲ್ಲಿ ಮೊದಲು ಪ್ರಾಣಿಗಳನ್ನಿಟ್ಟು ನೋಡಿದರು, ಆಮೇಲೆ ತಾವೇ ಒಳಗೆ ಕುಳಿತರು. ಒತ್ತಡ ಇಳಿದಂತೆ ಬಂದ ತೊಂದರೆ, ಆಮ್ಲಜನಕ ಉಸಿರಾಡಿದೊಡನೆ ಹೋಗುತ್ತಿತ್ತು. ಗಾಳಿಯಲ್ಲಿ ಆಮ್ಲಜನಕದ ಪಾಲು ಬೆಟ್ಟದ ಮೇಲೂ ಸುಮಾರು ಶೇ 21. ಆದರೆ 5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡವೇ ಹೆಚ್ಚುಕಡಿಮೆ ಅರ್ಧ. ಆದ್ದರಿಂದ ರಕ್ತಕ್ಕೆ ಸಿಗುವ ಆಮ್ಲಜನಕ ಕಡಿಮೆ. ಕಾಯಿಲೆಯ ಬೇರು ಇದೇ ಎಂದು 1878ರ ತಮ್ಮ ದೊಡ್ಡ ಗ್ರಂಥದಲ್ಲಿ ಅವರು ತೋರಿಸಿಕೊಟ್ಟರು.

ಅದಕ್ಕೂ ಮುಂಚೆ ಒಂದು ದುರಂತ ನಡೆದಿತ್ತು. 1875ರ ಏಪ್ರಿಲ್ 15ರಂದು ಸಿವೆಲ್, ಕ್ರೋಸೆ-ಸ್ಪಿನೆಲ್ಲಿ, ಟಿಸಾಂಡಿಯೆ ಎಂಬ ಮೂವರು 'ಜೆನಿತ್' ಬಲೂನಿನಲ್ಲಿ 8,000 ಮೀಟರ್ ದಾಟಿದರು. ಒಯ್ದ ಆಮ್ಲಜನಕ ಸಾಲದೆಂದು ಬರ್ಟ್ ಬರೆದ ಕಾಗದ ತಲುಪುವಷ್ಟರಲ್ಲಿ ಹೊತ್ತು ಮೀರಿತ್ತು. ಬೇಕಾದಾಗ ಬಳಸೋಣವೆಂದು ಅವರು ಅದನ್ನು ಉಳಿಸಿಕೊಂಡಿದ್ದರು. ಬೇಕಾದಾಗ ಕೈ ಎತ್ತಲು ಶಕ್ತಿಯೇ ಇರಲಿಲ್ಲ. ಬದುಕಿ ಬಂದವರು ಟಿಸಾಂಡಿಯೆ ಒಬ್ಬರೇ.

ಹಿಮಾಲಯ ಚಾರಣಕ್ಕೆ ಹೊರಡುವ ನನ್ನ ವಯಸ್ಸಿನವರು ನೆನಪಿಡಬೇಕಾದದ್ದು ಇದನ್ನೇ. ಆಮ್ಲಜನಕದ ಕೊರತೆ ಮೊದಲು ಕದಿಯುವುದು ನಮ್ಮ ವಿವೇಚನೆಯನ್ನು. ಜಿಮ್‌ನಲ್ಲಿ ಬೆಳೆಸಿದ ಮೈಕಟ್ಟು ಇದಕ್ಕೆ ರಕ್ಷೆಯಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಮೇಲೇರಬಾರದು. ಮೂರು-ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು. ತಲೆನೋವು, ವಾಕರಿಕೆ ಶುರುವಾದರೆ ಜೊತೆಯವರಿಗೆ ಹೇಳಿ, ಅಲ್ಲೇ ನಿಲ್ಲಬೇಕು. ನಡಿಗೆ ತೂರಾಡಿದರೆ, ಮಾತು ತಡವರಿಸಿದರೆ, ಕುಳಿತಲ್ಲೇ ಏದುಸಿರು ಬಂದರೆ ಬೆಳಗಾಗಲೆಂದು ಕಾಯದೆ ಕೆಳಗಿಳಿಸಬೇಕು, ಒಬ್ಬರನ್ನೇ ಬಿಡಬಾರದು.

ಬರ್ಟ್ ಮುಂದೆ ಫ್ರಾನ್ಸಿನ ಶಿಕ್ಷಣ ಮಂತ್ರಿಯಾದರು. 1886ರಲ್ಲಿ ಆಡಳಿತಗಾರರಾಗಿ ವಿಯೆಟ್ನಾಂಗೆ ಹೋದವರು ಅದೇ ವರ್ಷ ಹನೋಯ್‌ನಲ್ಲಿ ತೀರಿಕೊಂಡರು.  ಬೆಟ್ಟದ ಕಾಯಿಲೆಯನ್ನು ಅವರು ಚೆನ್ನಾಗಿ ಅರಿತಿದ್ದರು.